ಆಷಾಢದಲ್ಲಿ ಹಾಲು ಉಕ್ಕಿಸಿದ ಗೌರಮ್ಮ

ಸಾರಕ್ಕಿಯಿಂದ ಕೋಣನಕುಂಟೆಯವರೆಗೆ ವ್ಯವಹಾರದಲ್ಲಿ ನನಗೆ ಟೋಪಿ ಹಾಕುವ ಗಂಡಸು ಇನ್ನೂ ಹುಟ್ಟಿಲ್ಲ. ಈ ಮರುಳಸಿದ್ದಪ್ಪ ಚೌಕಾಸಿಗೆ ನಿಂತ ಅಂದರೆ ತೆಂಗಿನಕಾಯಿ ಅಂಗಡಿಯವನು ಕಾಯಿಯ ಜೊತೆ ಮರವನ್ನೂ ಕೊಟ್ಟು ಕಳಿಸುತ್ತಾನೆ. ಅದಕ್ಕೇ ಮೂರು ವರ್ಷದ ಹಿಂದೆ ಗೌರಮ್ಮನ ಅಪ್ಪನಿಗೆ ಲಕ್ವ ಹೊಡೆದಾಗ, ಹೋಮ್ ಕೇರ್ ಏಜೆನ್ಸಿಯವರ ಹತ್ತಿರ ಮಾತಾಡೋಕೆ ಅವಳು ನನ್ನನ್ನೇ ಕರೆದಳು.

ಗೌರಮ್ಮ ನಮ್ಮ ಹಿಂದಿನ ಬೀದಿಯವಳು. ವಯಸ್ಸು ಅರವತ್ತಕ್ಕೆ ಒಂದು ಕಮ್ಮಿ. ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತಾರು ವರ್ಷ ಚೆಕಿಂಗ್ ಮಾಡಿದವಳು. ಅಂಗಿಯನ್ನು ಬೆಳಕಿಗೆ ಹಿಡಿದರೆ ಸಾಕು, ತಪ್ಪಿದ ಹೊಲಿಗೆ ತಾನೇ ಕೈಮುಗಿದು ಮುಂದೆ ಬರುತ್ತಿತ್ತು. ಅಂಥವಳು ಅಗ್ರಿಮೆಂಟನ್ನು ತಾನೇ ಓದಬಹುದಿತ್ತು. ನನ್ನ ಮೇಲಿನ ನಂಬಿಕೆಯಿಂದ ನನ್ನ ಕೈಗೆ ಕೊಟ್ಟಳು. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದೆ. ಹಾಗಂತ ಹೇಳೋಕೆ ಜಂಬ ಬಿಡಲಿಲ್ಲ. ಹಾಳೆ ತಿರುವಿ "ಎಲ್ಲಾ ಸರಿಯಾಗಿದೆ" ಅಂದೆ. ತಿಂಗಳಿಗೆ ಮೂವತ್ನಾಲ್ಕು ಸಾವಿರ ಅಂದವರನ್ನು ಮೂವತ್ಮೂರಕ್ಕೆ ಇಳಿಸಿದೆ. ಹಾಗಾದರೆ ಎರಡು ತಿಂಗಳ ದುಡ್ಡು ಡೆಪಾಸಿಟ್ ಇಡಬೇಕು ಅಂದರು. ಅದಕ್ಕೇನಂತೆ ಅಂದೆ. ಸಾಕ್ಷಿ ಅಂತ ರುಜು ಹಾಕಿ, ಅವರ ಪೆನ್ನನ್ನೂ ಜೇಬಿಗಿಳಿಸಿ ಗೆದ್ದು ಬಂದೆ.

ಅವಳ ಅಪ್ಪ ತಿಮ್ಮರಾಯಪ್ಪ ಸಾರಕ್ಕಿ ಕೆರೆಯ ಕೆಳಗೆ ಸೊಪ್ಪು ಬೆಳೆಯುತ್ತಿದ್ದವರು. ಅವರ ದಂಟಿನ ಸೊಪ್ಪಿನ ನೆರಳಲ್ಲಿ ಜೋಡಿ ಎತ್ತು ಕಟ್ಟಬಹುದಿತ್ತು. ಈಗ ಆ ಸೊಪ್ಪಿನ ಮಡಿಗಳ ಮೇಲೆ ಕಾರು ಮಾರುತ್ತಾರೆ. ಜಮೀನಿನ ದುಡ್ಡಲ್ಲಿ ಒಂದು ಮನೆ, ಅದರ ಹಿಂದೆ ಬಾಡಿಗೆಗೆ ಅಂತ ಮೂರು ಪುಟ್ಟ ಮನೆ ಕಟ್ಟಿಸಿದ್ದರು. ಎಂಬತ್ತಾರನೇ ವಯಸ್ಸಲ್ಲಿ ಲಕ್ವ ಹೊಡೆದು ಮೈಯ ಬಲಗಡೆ ಪೂರ್ತಿ ಬಿದ್ದುಹೋಯಿತು. ಭಾರಿ ಆಳು, ಮಗ್ಗುಲು ತಿರುಗಿಸೋಕೆ ಕ್ರೇನ್ ತರಿಸಬೇಕು. ಮಗಳಿಗೋ ನಿಂತೂ ನಿಂತೂ ಸವೆದ ಸೊಂಟ. ಗಂಡ ಇಲ್ಲ, ಒಡಹುಟ್ಟಿದವರಿಲ್ಲ.

ಮೊದಲ ವರ್ಷ ಅವಳ ಪಿ.ಎಫ್. ದುಡ್ಡು ಹೋಯಿತು. ಆಮೇಲೆ ನಮ್ಮ ಕಡೆಯ ಓನರುಗಳೆಲ್ಲ ಮಾಡುವುದನ್ನೇ ಅವಳೂ ಮಾಡಿದಳು. ಒಂದು ಮನೆಯನ್ನು ಭೋಗ್ಯಕ್ಕೆ ಹಾಕಿದಳು: ಒಂದೇ ಸಲ ಆರು ಲಕ್ಷ ಕೈಗೆ, ಮೂರು ವರ್ಷ ಬಾಡಿಗೆ ಇಲ್ಲ, ಅವರು ಬಿಡುವಾಗ ಆರು ಲಕ್ಷವನ್ನೂ ವಾಪಸ್ ಕೊಡಬೇಕು. ಕೈಯಲ್ಲಿರುವಾಗ ಅದು ನಮ್ಮದೇ ದುಡ್ಡು ಅನ್ನಿಸುತ್ತೆ, ಅಲ್ಲೇ ಇರೋದು ಮೋಸ. ಏಜೆನ್ಸಿ ಆ ಮನೆಯನ್ನು ಕಿಟಕಿ ಬಾಗಿಲು ಸಮೇತ ತಿಂದು ತೇಗಿತು. ಎರಡನೇ ಮನೆಯೂ ಭೋಗ್ಯಕ್ಕೆ ಹೋಯಿತು. ಅದರಲ್ಲಿ ನಡುಮನೆ, ರೂಮು ಮುಗಿದು ಈಗ ಅಡುಗೆಮನೆ ಮಾತ್ರ ಉಳಿದಿತ್ತು.

ಇಷ್ಟು ತಿಂದವರು ಕೊಟ್ಟಿದ್ದೇನು? ನಲವತ್ತೈದು ದಿನಕ್ಕೊಮ್ಮೆ ನೋಡಿಕೊಳ್ಳುವವರನ್ನು ಬದಲಾಯಿಸುತ್ತಿದ್ದರು. ಮುದುಕ ಒಬ್ಬರ ಕೈಗೆ ಹೊಂದಿಕೊಳ್ಳುವಷ್ಟರಲ್ಲಿ ಅವರು ಚೀಲ ಎತ್ತಿಕೊಂಡು ಹೊರಟಿರುತ್ತಿದ್ದರು. ಹೊಸಬರು ಬಂದಾಗಲೆಲ್ಲ ತಿಮ್ಮರಾಯಪ್ಪ ಬಾಯಿ ಬಿಗಿ ಹಿಡಿಯೋರು. ಹೀಗೇ ಆದರೆ ಮೂಗಿಗೆ ನಳಿಗೆ ಹಾಕಬೇಕಾಗುತ್ತೆ ಅಂತ ಡಾಕ್ಟರು ಹೇಳಿಬಿಟ್ಟಿದ್ದರು.

ಆಗ ಬಂದವಳು ಲತಾಮಣಿ. ಕನಕಪುರದ ಕಡೆಯ ಹಳ್ಳಿಯವಳು. ಮಗಳನ್ನು ಅಂಜನಾಪುರದಲ್ಲಿ ತಂಗಿಯ ಮನೆಯಲ್ಲಿ ಬಿಟ್ಟು ಹಗಲು ರಾತ್ರಿ ಇಲ್ಲೇ ಇರುತ್ತಿದ್ದಳು. ಅಂಬಲಿ ಬಟ್ಟಲು ಹಿಡಿದು ಮಂಚದ ಪಕ್ಕ ಕೂತು ಕೇಳುತ್ತಿದ್ದಳು: "ತಾತಾ, ದಂಟಿನ ಮಡಿಗೆ ನೀರು ಬಿಡ್ಲಾ?"

ಮುದುಕ ಬಾಯಿ ತೆರೆಯುತ್ತಿದ್ದರು. ಒಂದು ಚಮಚ ಒಳಗೆ.

"ಮೆಂತ್ಯದ ಮಡಿ ಒಣಗ್ತಾ ಐತಲ್ಲ ತಾತಾ?" ಇನ್ನೊಂದು ಚಮಚ.

ಹೀಗೆ ಇಡೀ ತೋಟಕ್ಕೆ ನೀರು ಹಾಯುವಷ್ಟರಲ್ಲಿ ಬಟ್ಟಲು ಖಾಲಿ.

ಜ್ಯೇಷ್ಠ ಮುಗಿಯುವಾಗ ಮೂರನೇ ಮನೆಯ ಬಾಡಿಗೆಯವರು ಬಿಟ್ಟುಹೋದರು. ತಿಂಗಳಿಗೆ ಒಂಬತ್ತು ಸಾವಿರ ನಿಂತಿತು. ಅದನ್ನೂ ಭೋಗ್ಯಕ್ಕೆ ಹಾಕೋಣ ಅಂದರೆ ಆಷಾಢ. ಆಷಾಢದಲ್ಲಿ ಹೊಸ ಮನೆಗೆ ಹೋಗಿ ಹಾಲು ಉಕ್ಕಿಸುವವರು ಯಾರು? ಬೀಗ ಬಿತ್ತು. ಅದೇ ವಾರ ಏಜೆನ್ಸಿಯ ರವಿಕಿರಣ್ ಫೋನ್ ಮಾಡಿದ. ನಾನು ಪಕ್ಕದಲ್ಲೇ ಕಾಫಿ ಕುಡೀತಿದ್ದೆ.

"ಮೇಡಂ, ಸೋಮವಾರದಿಂದ ಬೇರೆಯವ್ರು ಬರ್ತಾರೆ."

"ಬೇಡಪ್ಪ, ಇವಳನ್ನೇ ಬಿಡಿ. ಅಪ್ಪ ಇವಳ ಕೈಲಿ ಮಾತ್ರ ತಿನ್ನೋದು."

"ಅಟ್ಯಾಚ್‌ಮೆಂಟ್ ಆಗ್ಬಾರ್ದು ಅಂತ್ಲೇ ಮೇಡಂ ನಮ್ ಪಾಲಿಸಿ. ಇವ್ರೇ ಬೇಕಂದ್ರೆ ಕಂಟಿನ್ಯೂಟಿ ಚಾರ್ಜ್ ಅಂತಿದೆ. ತಿಂಗಳಿಗೆ ಆರು ಸಾವಿರ ಎಕ್ಸ್‌ಟ್ರಾ."

ಗೌರಮ್ಮ ಫೋನಿಟ್ಟು ಕೇಳಿದಳು, "ಈ ಆರರಲ್ಲಿ ನಿಂಗೆಷ್ಟು ಬರುತ್ತೆ ಲತಾ?"

"ನಂಗೇನಿಲ್ಲಕ್ಕ. ನಂದು ಯಾವಾಗ್ಲೂ ಹದಿನಾಲ್ಕೇ."

ಮೂವತ್ಮೂರರಲ್ಲಿ ಹದಿನಾಲ್ಕು! ಮಿಕ್ಕ ಹತ್ತೊಂಬತ್ತು ಸಾವಿರ ಯಾವತ್ತು ಬಂದು ಮುದುಕನ ಮಗ್ಗುಲು ತಿರುಗಿಸಿತ್ತು? ಯಾವ ಬೆಡ್‌ಶೀಟ್ ಒಗೆದಿತ್ತು? ಒಬ್ಬ ಹೆಂಗಸಿನ ಬೆವರನ್ನೂ ಇನ್ನೊಬ್ಬ ಹೆಂಗಸಿನ ಮನೆಗಳನ್ನೂ ಒಟ್ಟಿಗೆ ಮಾರಿಕೊಂಡು ತಿನ್ನೋದಕ್ಕೆ ಪಾಲಿಸಿ ಅಂತ ಹೆಸರು! ನನ್ನ ನೆತ್ತಿಯಿಂದ ಎದ್ದ ಹೊಗೆಗೆ ಮೇಲೆ ಹೋಗುತ್ತಿದ್ದ ಮೆಟ್ರೋ ದಾರಿ ಕಾಣದೆ ನಿಂತಿತು.

ಗೌರಮ್ಮ ಮಾತ್ರ ಕೂಗಾಡಲಿಲ್ಲ. ಮೊಳೆಯಿಂದ ಬೀಗದ ಕೈ ತೆಗೆದಳು.

"ಹಿಂದಿನ ಮನೆ ಖಾಲಿ ಇದೆ. ಮಗಳನ್ನ ಕರ್ಕೊಂಡು ಬಂದ್ಬಿಡು. ಬಾಡಿಗೆ ಬೇಡ, ಕೈಗೆ ಹದಿನೈದು ಕೊಡ್ತೀನಿ. ಆ ಏಜೆನ್ಸಿ ಬಿಟ್ಬಿಡು."

ಲತಾಮಣಿ ಕಣ್ಣರಳಿಸಿದಳು. "ಆಷಾಢ ಅಲ್ವಾಕ್ಕ?"

"ಶ್ರಾವಣದವರೆಗೂ ನಮ್ಮಪ್ಪ ಉಪವಾಸ ಇರ್ಬೇಕಾ?"

ನನಗೆ ತಡೆಯಲಿಲ್ಲ. "ಗೌರಮ್ಮ, ಬೀದಿ ಜನ ಏನಂತಾರೆ?"

"ಬಂದು ಒಂದು ಸಲ ಅಪ್ಪನ ಡೈಪರ್ ಬದಲಾಯಿಸ್ಲಿ ಸಿದ್ದಪ್ಪಣ್ಣ, ಆಮೇಲೆ ಏನ್ ಬೇಕಾದ್ರೂ ಅನ್ಲಿ."

ಶುಕ್ರವಾರ ಆ ಮನೆಯಲ್ಲಿ ಹಾಲು ಉಕ್ಕಿತು. ಮೂರು ಬೀದಿಯ ಹೆಂಗಸರು ಪಂಚಾಂಗ ಹಿಡಿದು ಓಡಿಬಂದರು. ಆಕಾಶ ಕಳಚಿ ಬೀಳುತ್ತೆ ಅಂತ ನಾನೂ ಕೊಡೆ ಹಿಡಿದು ನಿಂತೆ. ಬಿದ್ದದ್ದು ಬುಧವಾರ, ರವಿಕಿರಣನ ರೂಪದಲ್ಲಿ.

ಸೋಫಾದಲ್ಲಿ ಕೂತು ಅಗ್ರಿಮೆಂಟಿನ ನಾಲ್ಕನೇ ಪುಟ ತೆಗೆದ. ಅಲ್ಲಿ ಇರುವೆಯ ಮರಿಗಳಂಥ ಅಕ್ಷರಗಳು: ಏಜೆನ್ಸಿ ಕಳಿಸಿದವರನ್ನು ನೇರವಾಗಿ ಕೆಲಸಕ್ಕಿಟ್ಟುಕೊಂಡರೆ ಡೆಪಾಸಿಟ್ ವಾಪಸ್ ಇಲ್ಲ.

"ಸಾಕ್ಷಿ ಸೈನ್ ನಿಮ್ದೇ ಅಲ್ವಾ ಅಂಕಲ್? ಓದಿ ತಾನೆ ಹಾಕಿದ್ದು?"

ನಾನು ಮೇಲಿನ ಫ್ಯಾನನ್ನು ನೋಡಿದೆ. ಮೂರು ವರ್ಷದಲ್ಲಿ ನನ್ನ ಚೌಕಾಸಿ ಉಳಿಸಿದ್ದು ಮೂವತ್ತಾರು ಸಾವಿರ, ಒಂದೇ ಬೆಳಗ್ಗೆ ಕಳೆದದ್ದು ಅರವತ್ತಾರು. ನನಗೆ ಟೋಪಿ ಹಾಕುವ ಗಂಡಸು ಹುಟ್ಟಿ, ದೊಡ್ಡವನಾಗಿ, ಟೈ ಕಟ್ಟಿಕೊಂಡು ಎದುರಿಗೇ ಕೂತಿದ್ದ.

"ಸಿದ್ದಪ್ಪಣ್ಣ, ಅವತ್ತಿನ ಪೆನ್ನು ಇದ್ರೆ ಕೊಟ್ಬಿಡಿ ಅವ್ರಿಗೆ," ಅಂದಳು ಗೌರಮ್ಮ. "ಡೆಪಾಸಿಟ್ಟೂ ಇಟ್ಕೊಳ್ಳಿ. ಲತಾಗೆ ಕೊಟ್ಟೂ ತಿಂಗಳಿಗೆ ಹದಿನೆಂಟು ಉಳಿಯುತ್ತೆ, ನಾಲ್ಕು ತಿಂಗಳಲ್ಲಿ ನಂಗದು ವಾಪಸ್ ಬಂದ ಹಾಗೇ."

ಮೊದಲ ಮನೆಯ ಭೋಗ್ಯದ ಗಡುವು ಬರೋ ವರ್ಷ. ಅದು ಅವಳ ತಲೆಯಲ್ಲಿ ಇರಲಿಲ್ಲ ಅಂತಲ್ಲ. ಆದರೆ ಒಳಗಿನ ರೂಮಿನಿಂದ "ತಾತಾ, ಮೆಂತ್ಯದ ಮಡಿ" ಅನ್ನೋ ದನಿ ಬರುತ್ತಿತ್ತು, ಅದರ ಹಿಂದೆಯೇ ಚಮಚ ಬಟ್ಟಲಿಗೆ ತಾಗುವ ಸದ್ದು.

ರವಿಕಿರಣ್ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಾ ಗೊಣಗಿದ, "ಪಾಲಿಸಿ ಮುರಿದ್ಬಿಟ್ರಿ ಮೇಡಂ."

"ಎಲ್ಲಿ ಮುರಿದೆನಪ್ಪ?" ಅಂದಳು ಗೌರಮ್ಮ. "ನಲವತ್ತೈದು ದಿನಕ್ಕೊಂದ್ಸಲ ಒಬ್ಬರನ್ನ ಬದಲಾಯಿಸ್ಬೇಕು ತಾನೆ? ಈ ಸಲ ನಿಮ್ಮನ್ನ ಬದಲಾಯಿಸಿದೀನಿ."