ಸಿಪಾಯಿಯ ಬಿಸ್ಕತ್ತಿನ ಡಬ್ಬಿ

ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್‌ನಲ್ಲಿ ಅಕ್ಕನ ಮನೆ. ತೈಲದ ಬೆಲೆ ಬಿದ್ದಾಗಿನಿಂದ ಈ ಬೀದಿಯಲ್ಲಿ ಒಂದೊಂದೇ ಮನೆ ಖಾಲಿಯಾಗುತ್ತಿದೆ. ಭಾವನ ಕೆಲಸದ ಮಾತನ್ನು ಯಾರೂ ಎತ್ತುವುದಿಲ್ಲ.

ಇವತ್ತು ಪಕ್ಕದ ಮನೆಯ ಆಸ್ಟ್ರೇಲಿಯಾದ ಟೀಚರು ಜೀನ್, ಊರಿಗೆ ಹೊರಡುವ ಮುನ್ನ ಒಂದು ಡಬ್ಬಿ ಬಿಸ್ಕತ್ತು ತಂದುಕೊಟ್ಟರು. ಧಾರವಾಡದ ಮಾತು ಬಿಡದ ಅಕ್ಕ ನನ್ನ ಕಿವಿಯಲ್ಲಿ, "ತತ್ತಿ ಹಾಕ್ಯಾರೇನ ಕೇಳು" ಎಂದಳು.

ಹಾಕಿಲ್ಲವಂತೆ. ಎರಡನೇ ಮಹಾಯುದ್ಧಕ್ಕೆ ಹೋದ ಜೀನ್ ಅವರ ಚಿಕ್ಕಪ್ಪನಿಗೆ ಅಜ್ಜಿ ಹಡಗಿನಲ್ಲಿ ಕಳಿಸುತ್ತಿದ್ದ ಬಿಸ್ಕತ್ತು ಇದು. ದಾರಿಯಲ್ಲಿ ಕೆಡಬಾರದೆಂದು ಮೊಟ್ಟೆ ಹಾಕುತ್ತಿರಲಿಲ್ಲ. ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ ಆ ಹುಡುಗ ಈಜಿಪ್ಟಿನ ಮರಳುಗಾಡಿನಲ್ಲಿ ಗುಂಡು ತಗುಲಿ ಸತ್ತ. ಸಾಮಾನಿನ ಜೊತೆ ಮನೆಗೆ ಮರಳಿದ ಅವನ ಡಬ್ಬಿಯಲ್ಲಿ, ಅಮ್ಮನ ಹಿತ್ತಲಿಗೆಂದು ಕೂಡಿಟ್ಟ ಖರ್ಜೂರದ ಬೀಜಗಳಿದ್ದವು.

"ಒಂದು ಮರ ಇನ್ನೂ ಹಣ್ಣು ಬಿಡುತ್ತೆ. ಇನ್ನು ಅದರ ನೆರಳಲ್ಲೇ ಕೂರೋದು," ಎಂದು ಜೀನ್ ನಕ್ಕರು.

ಅವರು ತಮ್ಮ ಮನೆಗೆ ಮರಳಿದ ಮೇಲೆ ಅಕ್ಕ ಬಿಸ್ಕತ್ತನ್ನು ತಟ್ಟೆಗೆ ಸುರಿದು, ಡಬ್ಬಿ ತೊಳೆದು ಒರೆಸಿ, ಶೇಂಗಾ ಉಂಡಿ ತುಂಬತೊಡಗಿದಳು.

"ಊರಿಗೆ ಹೊಂಟವರಿಗೆ ಭಾರ ಯಾಕ?" ಎಂದೆ.

"ಸಾಯೋ ಹುಡುಗನೂ ಅವ್ವಗ ಖಾಲಿ ಡಬ್ಬಿ ಕಳಸಲಿಲ್ಲ. ನಾ ಹೆಂಗ ಕೊಡಲಿ?"