ಸಪ್ಪಳ ಬರೋತನಕ

ಹೊಸ ಕ್ಯಾಮೆರಾ ಬಂದ ಮೊದಲ ವಾರ ನಾನು ಅದನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ. ಆಧಾರ್ ಕಾರ್ಡಿನ ಝೆರಾಕ್ಸ್ ಮಾಡಿಸಲು ಬಂದವರನ್ನೂ ಬಿಡಲಿಲ್ಲ. ಕುಷ್ಟಗಿಯಲ್ಲಿರುವ ನನ್ನ ಸ್ಟುಡಿಯೋ ದೊಡ್ಡದೇನಲ್ಲ. ಮುಂದೆ ಝೆರಾಕ್ಸ್ ಯಂತ್ರ, ಹಿಂದೆ ಪರದೆ ಕಟ್ಟಿದ ಒಂದು ಕೋಣೆ, ಮೂಲೆಯಲ್ಲಿ ನನ್ನ ಹೆಂಡತಿ ಅಲ್ಬಮ್ ಜೋಡಿಸುವ ಕಂಪ್ಯೂಟರ್. ಇಷ್ಟರ ನಡುವೆ ನಾನು ಕ್ಯಾಮೆರಾ ಎತ್ತಿ ಹಿಡಿದು, ಇದು ಮಿರರ್‌ಲೆಸ್, ಹಳೆಯದರ ಹಾಗೆ ಇದರ ಒಳಗೆ ಕನ್ನಡಿ ಇರುವುದಿಲ್ಲ ಎಂದು ಪಾಠ ಹೇಳುತ್ತಿದ್ದೆ. ಅಳವಂಡಿ ಕಡೆಯ ಒಬ್ಬ ಹಿರಿಯರು ಎಲ್ಲವನ್ನೂ ಕೇಳಿ, "ಕನ್ನಡಿನ ಇಲ್ಲಂದ್ರ ಮಾರಿ ಹೆಂಗ ಕಾಣತೈತ್ರಿ?" ಎಂದರು. ನನಗೆ ಸಿಟ್ಟು ಬಂತು. ನನ್ನ ಹೆಂಡತಿ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ನಕ್ಕಳು.

ಹಳೆಯದು ಡಿಎಸ್ಎಲ್ಆರ್. ಅದನ್ನು ಮಾಡಿದ ಕಂಪನಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿನದು, ಕಲಿಯುವವರಿಗೆಂದು ಮಾಡಿದ್ದು. ಅದರಲ್ಲಿಯೇ ನಾನು ಹತ್ತು ವರ್ಷ ಹೊಟ್ಟೆ ಹೊರೆದೆ. ತಳಕಲ್ಲಿನ ಮದುವೆ, ಯಲಬುರ್ಗಾದಲ್ಲಿ ಬಸುರಿಯ ಕುಬಸ, ಹೇಮಗುಡ್ಡದಲ್ಲಿ ಕೂಸಿನ ಜಾವಳ, ಶಾಲೆಗಳ ಗ್ರೂಪ್ ಫೋಟೋ, ಎಲ್ಲದಕ್ಕೂ ಅದೇ. ಗಂಗಾವತಿ ಕಡೆ ಹೋದರೆ ಅಕ್ಕಿ ಗಿರಣಿಯ ಬೂದಿ, ಬೇರೆ ಕಡೆ ಹೋದರೆ ಎರೆ ಹೊಲದ ಧೂಳು. ಎರಡನ್ನೂ ಅದು ನುಂಗಿಕೊಂಡಿತು. ಒಳಗೆ ಕನ್ನಡಿ ಅಡ್ಡ ಇದ್ದದ್ದರಿಂದ ಲೆನ್ಸ್ ಬದಲಿಸುವಾಗ ಧೂಳು ನೇರವಾಗಿ ಸೆನ್ಸರಿನ ಮೇಲೆ ಬೀಳುತ್ತಿರಲಿಲ್ಲ. ಬ್ಯಾಟರಿ ಒಮ್ಮೆ ತುಂಬಿಸಿದರೆ ಅರಿಷಿಣದಿಂದ ಹಿಡಿದು ಅಕ್ಕಿಕಾಳು ಬೀಳುವವರೆಗೆ, ಅಂದರೆ ಪೂರಾ ಎರಡು ದಿನ, ಬಾಳುತ್ತಿತ್ತು. ಹೊಸದರ ಬ್ಯಾಟರಿ ಊಟದ ಪಂಕ್ತಿ ಏಳುವ ಹೊತ್ತಿಗೆ ಮುಗಿದು ಕೆಂಪು ತೋರಿಸುತ್ತದೆ. ಈಗ ನಾನು ಕಿಸೆಯಲ್ಲಿ ಮೂರು ಬ್ಯಾಟರಿ ಇಟ್ಟುಕೊಂಡು ತಿರುಗುತ್ತೇನೆ.

ಆದರೆ ಹಳೆಯದಕ್ಕೆ ಕತ್ತಲೆ ಆಗಿಬರುತ್ತಿರಲಿಲ್ಲ. ನಮ್ಮ ಕಡೆ ಮೇಲ್ಮುದ್ದೆಯ, ಅಂದರೆ ಮಣ್ಣಿನ ಮಾಳಿಗೆಯ, ಮನೆಗಳಲ್ಲಿ ನಡುಮನೆಗೆ ಕಿಟಕಿ ಇರುವುದಿಲ್ಲ. ಅಲ್ಲಿ ಫೋಟೋ ತೆಗೆದರೆ ರವೆ ಚೆಲ್ಲಿದ ಹಾಗೆ ಕಾಳುಕಾಳು. ಅದನ್ನು ತಪ್ಪಿಸಲು ಶಟರ್ ನಿಧಾನ ಮಾಡಬೇಕು, ನಿಧಾನ ಮಾಡಿದರೆ ಯಾರಾದರೂ ಕತ್ತು ತಿರುಗಿಸಿದರೂ ಫೋಟೋ ಕೆಡುತ್ತಿತ್ತು. ಅದಕ್ಕೆ ನಾನೊಂದು ಕಾನೂನು ಮಾಡಿದ್ದೆ. ಫೋಟೋಕ್ಕೆ ನಿಂತವರಿಗೆಲ್ಲ ಗಟ್ಟಿ ದನಿಯಲ್ಲಿ ಹೇಳುತ್ತಿದ್ದೆ: "ಸಪ್ಪಳ ಬರೋತನಕ ಯಾರೂ ಅಲುಗಾಡಬ್ಯಾಡ್ರಿ!" ಮಂದಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಒಳಗಿನ ಕನ್ನಡಿ ಎದ್ದು ಬಿದ್ದು ಠಪ್ ಎನ್ನುತ್ತಿತ್ತು. ಎಲ್ಲರ ಹೆಗಲು ಕೆಳಗಿಳಿಯುತ್ತಿತ್ತು.

ನನ್ನ ಕಸುಬಿನ ಗುಟ್ಟು ಇದ್ದದ್ದು ಅಲ್ಲಿಯೇ. ಆ ಸಪ್ಪಳದ ನಂತರ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಇನ್ನೊಂದು ಸಲ ಒತ್ತುತ್ತಿದ್ದೆ. ಫೋಟೋ ಮುಗಿಯಿತು ಎಂದುಕೊಂಡ ಮನುಷ್ಯನ ಮುಖವೇ ಅವನ ಖರೆ ಮುಖ. ಬೀಗರು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು, ಮದುಮಗಳು ಬಾಸಿಂಗ ಸರಿಮಾಡಿಕೊಳ್ಳುತ್ತಿದ್ದಳು, ಅಜ್ಜಿ ಮೊಮ್ಮಗನ ಮೂಗು ಒರೆಸುತ್ತಿದ್ದಳು. ಎಷ್ಟೋ ಅಲುಗಿ ಹಾಳಾಗುತ್ತಿದ್ದವು. ಹಾಳಾಗದೆ ಉಳಿದವುಗಳಿಂದ ನನಗೆ ಹೆಸರು ಬಂತು.

ಕೊನೆಗೆ ಅದರ ಶಟರ್ ಕೈಕೊಟ್ಟಿತು. ಒಳಗಿನ ಪರದೆ ಅರ್ಧಕ್ಕೇ ನಿಂತು, ತೆಗೆದ ಫೋಟೋದಲ್ಲಿ ಅರ್ಧ ಕಪ್ಪು. ಸಪ್ಪಳ ಮಾತ್ರ ಮೊದಲಿನ ಹಾಗೆಯೇ ಬರುತ್ತಿತ್ತು. ಅದನ್ನು ಚೀಲದಲ್ಲಿ ಹಾಕಿ ಮನೆಯ ಕಪಾಟಿನ ಮೇಲಿಟ್ಟು ನಾನು ಮಿರರ್‌ಲೆಸ್ ತಂದೆ.

ಹೊಸದು ಜಾಣ. ಸುಳ್ಳು ಯಾಕೆ ಹೇಳಲಿ? ಫೋಟೋ ಹೇಗೆ ಬರುತ್ತದೆಂದು ಒತ್ತುವ ಮೊದಲೇ ತೋರಿಸುತ್ತದೆ. ಬಾಸಿಂಗದ ಮುತ್ತಿನ ಎಳೆಗಳ ಹಿಂದಿರುವ ಕಣ್ಣನ್ನೂ ತಾನೇ ಹುಡುಕಿ ಹಿಡಿಯುತ್ತದೆ. ಹಳೆಯದರಲ್ಲಿ ನಾನು ನಡುವಿನ ಚುಕ್ಕಿಯನ್ನು ಕಣ್ಣಿಗೆ ಕೂಡಿಸಿ, ಆಮೇಲೆ ಕ್ಯಾಮೆರಾ ಓರೆ ಮಾಡಿ, ಅಷ್ಟರಲ್ಲಿ ಮದುಮಗ ಆಕಳಿಸಿ, ಎಷ್ಟು ಒದ್ದಾಡಿದ್ದೆ! ಕತ್ತಲೆ ಮನೆಯಲ್ಲಿಯೂ ಇದು ರವೆ ಚೆಲ್ಲುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಇದು ಸದ್ದೇ ಇಲ್ಲದೆ ಫೋಟೋ ತೆಗೆಯುತ್ತದೆ. ಇನ್ನು ಯಾರಿಗೂ ಗೊತ್ತಾಗದ ಹಾಗೆ ಖರೆ ಮುಖಗಳನ್ನು ಬೇಕಾದಷ್ಟು ಹಿಡಿಯಬಹುದು ಎಂದು ನಾನು ಹಿಗ್ಗಿ ಹೋದೆ.

ಆದದ್ದು ಬೇರೆ. ತಳಕಲ್ಲಿನ ಒಂದು ಮದುವೆಯಲ್ಲಿ ಹೆಣ್ಣಿನ ಕಡೆಯವರನ್ನು ಸಾಲಾಗಿ ನಿಲ್ಲಿಸಿ ಇಪ್ಪತ್ತು ಸಲ ಒತ್ತಿದೆ. ಒಬ್ಬರೂ ಅಲುಗಲಿಲ್ಲ. ನಾನು ಒತ್ತುತ್ತಲೇ ಇದ್ದೆ, ಅವರು ನಿಂತೇ ಇದ್ದರು. ಕಡೆಗೆ ಮದುಮಗಳ ಸೋದರಮಾವ ತುಟಿ ಅಲುಗಿಸದೆ ಕೇಳಿದ: "ತಗದ್ರೇನ್ರಿ? ಉಸುರು ಹಿಡದ ನಿಂತೀವ್ರಿ." ಆಯಿತು ಎಂದೆ. ಅವರು ನಂಬದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅನುಮಾನದಲ್ಲಿಯೇ ಇಳಿದು ಹೋದರು. ಅಲ್ಬಮ್ ಮಾಡುವಾಗ ನನ್ನ ಹೆಂಡತಿ, "ಎಲ್ಲಾರೂ ರೇಷನ್ ಅಂಗಡ್ಯಾಗ ಹೆಬ್ಬಟ್ಟ ಒತ್ತಾಕ ನಿಂತಂಗ ನಿಂತಾರಲ್ರಿ" ಎಂದಳು. ಮಂದಿಗೆ ಫೋಟೋಕ್ಕೆ ನಿಲ್ಲಲು ಬರುವುದಿಲ್ಲ ಎಂದು ನಾನು ಹರಿಹಾಯ್ದೆ. "ಹೆಂಗ ನಿಂದ್ರಬೇಕಂತ ಕಲಿಸಿದಾವ್ರು ಯಾರು?" ಎಂದು ಅವಳು ಕೇಳಿದಳು. ಹತ್ತು ವರ್ಷ ಊರೂರು ತಿರುಗಿ ಸಪ್ಪಳ ಬರುವವರೆಗೆ ಅಲುಗಬೇಡಿ ಎಂದು ಕಲಿಸಿದವನು ನಾನೇ. ಕಲಿತವರು ನನಗಿಂತ ಚೆನ್ನಾಗಿ ಕಲಿತಿದ್ದರು. ಹೊಸದರಲ್ಲಿ ಸಪ್ಪಳ ಬರುವ ಹಾಗೆ ಮಾಡಿಯೂ ನೋಡಿದೆ. ಅದು ಹಲ್ಲಿ ಲೊಚಗುಟ್ಟಿದಷ್ಟು. ಬ್ಯಾಂಡಿನವರ ನಡುವೆ ಅದು ಯಾರ ಕಿವಿಗೂ ಬೀಳಲಿಲ್ಲ.

ಅಷ್ಟರಲ್ಲಿ ಅಪ್ಪನ ನಿವೃತ್ತಿ ಹತ್ತಿರ ಬಂತು. ಅಪ್ಪ ಹೈಸ್ಕೂಲಿನಲ್ಲಿ ಸಿಪಾಯಿ. ಬೀಗ ತೆಗೆಯುವುದು, ನೀರು ತುಂಬಿಸುವುದು, ಗಂಟೆ ಬಾರಿಸುವುದು ಅವನ ಕೆಲಸ. ಪಿಂಚಣಿಯ ಕಾಗದಪತ್ರಕ್ಕೆ ಗಂಡಹೆಂಡತಿ ಕೂಡಿ ತೆಗೆಸಿಕೊಂಡ ಜಂಟಿ ಫೋಟೋ ಬೇಕು. ಸೋಮವಾರ ತರಬೇಕೆಂದು ಕ್ಲಾರ್ಕ್ ಹೇಳಿದ್ದರು.

ಈ ಜಂಟಿ ಫೋಟೋ ನಮ್ಮ ಕಸುಬಿನವರಿಗೆಲ್ಲ ಗೊತ್ತು. ನಿವೃತ್ತಿಯಾಗುವವರು ಹೆಂಡತಿಯನ್ನು ಕರೆದುಕೊಂಡು ಬರುತ್ತಾರೆ. ಆಕೆ ಒಂದು ಗೇಣು ದೂರ ಕೂರುತ್ತಾಳೆ. ಸ್ವಲ್ಪ ಹತ್ತಿರ ಬನ್ನಿ ಎಂದರೆ ಆತ ಸರಿಯುತ್ತಾನೆ, ಆಕೆ ಅಷ್ಟೇ ಆಚೆ ಸರಿಯುತ್ತಾಳೆ. ಎಷ್ಟೋ ಜನರಿಗೆ ಇಡೀ ಸಂಸಾರದಲ್ಲಿ ಇಬ್ಬರೂ ಕೂಡಿರುವ ಫೋಟೋ ಅದೊಂದೇ. ನನ್ನ ಅವ್ವ ಅಪ್ಪನಿಗೆ ಅದೂ ಇರಲಿಲ್ಲ. ಅವರ ಮದುವೆಗೆ ಫೋಟೋದವರನ್ನು ಕರೆದಿರಲಿಲ್ಲ. ನನ್ನ ಮದುವೆಯಲ್ಲಿ ಅಪ್ಪ ಅಡಿಗೆಯವರ ಬೆನ್ನು ಹತ್ತಿದ್ದ, ಅವ್ವ ಕ್ಯಾಮೆರಾ ಕಂಡಲ್ಲೆಲ್ಲ ಸೆರಗು ಮುಂದೆ ಎಳೆದುಕೊಂಡಿದ್ದಳು. ಮಂದಿಯ ಖರೆ ಮುಖ ಹಿಡಿಯುವವನೆಂದು ಹೆಸರು ಮಾಡಿದ ನನ್ನ ಹತ್ತಿರ ಹೆತ್ತವರದೊಂದು ಫೋಟೋ ಇಲ್ಲ ಎಂದು ಆ ದಿನ ನಿಜವಾಗಿ ನಾಚಿಕೆಯಾಯಿತು. ಆಫೀಸಿಗೆ ಎಂಥದೋ ಒಂದು ಕೊಟ್ಟರಾಯಿತು. ನನಗೆ ಬೇಕಾದದ್ದು ಅವರು ಅವರ ಹಾಗೆಯೇ ಇರುವ ಒಂದು ಫೋಟೋ. ಅಂಗಡಿಯ ಮುಂದಿನ ಗೋಡೆಗೆ ದೊಡ್ಡ ಚೌಕಟ್ಟನ್ನೂ ಮಾಡಿಸಿಟ್ಟೆ. ಅದರಲ್ಲಿ ಪ್ರೀತಿ ಎಷ್ಟು, ಹೊಸ ಕ್ಯಾಮೆರಾದ ಜಾಹೀರಾತು ಎಷ್ಟು ಎಂದು ಕೇಳಿದರೆ ಹೇಳುವುದು ಕಷ್ಟ.

ಭಾನುವಾರ ಬೆಳಿಗ್ಗೆ ಮನೆಯ ಅಂಗಳದಲ್ಲಿ ಬಿಸಿಲೇರುವ ಮೊದಲೇ ಸಿದ್ಧ ಮಾಡಿದೆ. ಎಲ್ಇಡಿ ದೀಪದ ಕೆಳಗೆ ಸದ್ದಿಲ್ಲದೆ ತೆಗೆದರೆ ಫೋಟೋದಲ್ಲಿ ಅಡ್ಡಪಟ್ಟೆ ಬರುತ್ತವೆಂದು ಗಂಗಾವತಿಯ ಒಂದು ಮದುವೆಯಲ್ಲಿ ಪೆಟ್ಟು ತಿಂದು ಕಲಿತಿದ್ದೆ, ಅದಕ್ಕೇ ಸ್ಟುಡಿಯೋ ಬಿಟ್ಟು ಅಂಗಳ. ಗೋಡೆಗೆ ಅಪ್ಪನ ಬಿಳಿ ಧೋತರ ಕಟ್ಟಿ, ಮುಂದೆ ಬೆಂಚು ಇಟ್ಟೆ. ಅಪ್ಪ ಟೋಪಿ ಹಾಕಿಕೊಂಡು ಬಂದು ಕೂತ. ಅವ್ವ ಇಳಕಲ್ ಸೀರೆ ಉಟ್ಟು ಬಂದು ಒಂದು ಗೇಣು ಬಿಟ್ಟು ಕೂತಳು. ಇಬ್ಬರೂ ಮುಖ ಬಿಗಿದುಕೊಂಡರು. ಹೊಸ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ಒತ್ತಿದೆ, ಒತ್ತಿದೆ, ಒತ್ತುತ್ತ ಹೋದೆ.

"ಆತೇನೊ?" ಅಪ್ಪ ಕೇಳಿದ.

"ಆತಪ್ಪ. ಇನ್ನ ಆರಾಮ ಕುಂದರ್ರಿ."

"ಸಪ್ಪಳ ಬರಲಿಲ್ಲ."

"ಇದಕ್ಕ ಸಪ್ಪಳ ಇಲ್ಲಪ್ಪ."

"ಸಪ್ಪಳ ಇಲ್ದ ಹೆಂಗ ಮುಗೀತೈತಿ? ಗಂಟಿ ಹೊಡೀಲಾರದ ಸಾಲಿ ಬಿಡ್ತಾರೇನು?"

ಅವನು ಕದಲಲಿಲ್ಲ. ಅವನು ಕದಲದ ಹೊರತು ಅವ್ವನೂ ಕದಲಲಿಲ್ಲ. ಹಲ್ಲಿಯ ಸಪ್ಪಳ ಮಾಡಿಸಿದೆ. ಅದು ಫೋಟೋದ ಸಪ್ಪಳವೇ ಅಲ್ಲ ಎಂದ. ನಗಿ ಎಂದೆ. ಇಬ್ಬರೂ ಹಲ್ಲು ತೋರಿಸಿದರು, ಅದನ್ನು ನೋಡಿ ನನಗೇ ಹೆದರಿಕೆಯಾಯಿತು. ನಾನು ಬೆವರಿ, ದನಿ ಏರಿಸಿ, ಒಮ್ಮೆ ಬಯ್ದೂ ಬಿಟ್ಟೆ. ಅವ್ವ ತುಟಿ ಅಲುಗಿಸದೆ, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸೊಸೆಗೆ ಹೇಳಿದಳು: "ಅಂವಗ ಹೊಸಾದು ಇನ್ನಾ ನಡಸಾಕ ಬರಂಗಿಲ್ಲ ಕಾಣತೈತಿ."

"ಆ ಹಳೇದು ಎಲ್ಲೈತಿ? ಅದನ್ನ ತಗೊಂಡ ಬಾ," ಎಂದ ಅಪ್ಪ.

ಅದು ಕೆಟ್ಟಿದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಹೆಂಡತಿ ಒಳಗೆ ಹೋಗಿ ಕಪಾಟಿನ ಮೇಲಿನ ಚೀಲ ಇಳಿಸಿ ತಂದಳು. ಬ್ಯಾಟರಿಯಲ್ಲಿ ಇನ್ನೂ ಜೀವ ಇತ್ತು. ಅವಳು ನನ್ನ ಪಕ್ಕ ನಿಂತು ಮೆಲ್ಲಗೆ ಹೇಳಿದಳು: "ನಾ ಇದನ್ನ ಒತ್ತತೀನಿ. ನೀವು ಸುಮ್ನ ನಿಮ್ಮದು ಒತ್ತಕೋಂತ ಇರ್ರಿ." ಹತ್ತು ವರ್ಷದ ಕಸುಬು ನನ್ನದು, ಬುದ್ಧಿ ಓಡಿದ್ದು ಅವಳದು. ಒಳಗೊಳಗೆ ಉರಿದರೂ ತಲೆ ಆಡಿಸಿದೆ.

ಅವಳು ಹಳೆಯ ಕ್ಯಾಮೆರಾ ಕಣ್ಣಿಗೆ ಹಚ್ಚಿ, ನನ್ನದೇ ದನಿಯಲ್ಲಿ ಕೂಗಿದಳು: "ಮಾವಾರ, ಇತ್ತ ನೋಡ್ರಿ. ಅತ್ತಿ, ಗದ್ದ ಸ್ವಲ್ಪ ಮ್ಯಾಲೆ. ಸಪ್ಪಳ ಬರೋತನಕ ಯಾರೂ ಅಲುಗಾಡಬ್ಯಾಡ್ರಿ!"

ಠಪ್.

"ಹಾಂ, ಈಗ ಮುಗೀತು," ಎಂದು ಅಪ್ಪ ಉಸಿರು ಬಿಟ್ಟ. ಅವ್ವ ಏಳಲು ಹೋಗಿ, "ಅಯ್ಯ, ಕಾಲು ಜೋಮು ಹಿಡದೈತ್ರಿ, ಹಿಡೀರಿ ನನ್ನ," ಎನ್ನುತ್ತ ಬೆಂಚಿಗೆ ಕುಸಿದು ಅವನ ಹೆಗಲು ಹಿಡಿದಳು. ಅಪ್ಪ ಅವಳ ತೋಳಿಗೆ ಕೈ ಕೊಟ್ಟ. "ರೊಟ್ಟಿ ಬಡಿಯಾಕ ತಾಸಗಟ್ಲೆ ಕುಂದರ್ತಿ, ಆವಾಗಿಲ್ಲದ ಜೋಮು ಫೋಟೊಕ್ಕ ಕುಂತರ ಬರತೈತೇನು?" ಎಂದ. ಅವನ ಟೋಪಿ ವಾರೆಯಾಗಿತ್ತು. ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಕ್ಕಳ ಎದುರು ಅವರು ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ಅಂದಿನವರೆಗೆ ನೋಡಿರಲಿಲ್ಲ. ನನ್ನ ಬೆರಳು ಸದ್ದಿಲ್ಲದೆ ಒತ್ತುತ್ತಲೇ ಇತ್ತು.

ಸಂಜೆ ಇಬ್ಬರನ್ನೂ ಅಂಗಡಿಗೆ ಕರೆದು ಕಂಪ್ಯೂಟರಿನಲ್ಲಿ ತೋರಿಸಿದೆ. ಮೊದಲು ಬಿಗಿದುಕೊಂಡು ಕೂತವುಗಳಲ್ಲಿ ಒಂದನ್ನು ಆಫೀಸಿಗೆ ಆರಿಸಿದೆವು. ಆಮೇಲೆ ಆ ಫೋಟೋ ಬಂತು. ಅವಳ ಕೈ ಅವನ ಹೆಗಲ ಮೇಲೆ, ಅವನ ಟೋಪಿ ವಾರೆ, ನಡುವಿನ ಗೇಣು ಜಾಗ ಮಾಯ. ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ.

"ಇದು ಯಾವಾಗಿಂದು?"

"ಸಪ್ಪಳ ಬಂದ ಮ್ಯಾಲಿಂದು."

"ಆವಾಗ ಎಲ್ಲಾ ಮುಗದಿತ್ತಲ್ಲೊ," ಎಂದ. ಬಯ್ಯುತ್ತಾನೆಂದು ಕಾಯ್ದೆ. ಅವನು ಕನ್ನಡಕ ತೆಗೆದು ಕಿಸೆಗೆ ಹಾಕಿಕೊಂಡು ಮೆಟ್ಟಿಲಿಳಿದು ಹೊರಗೆ ಹೋದ.

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ನೋಡಿದಳು. "ಇದನ್ನ ಆಫೀಸಿಗೆ ಕೊಡಬ್ಯಾಡ," ಎಂದಳು.

"ಇಲ್ಲವ್ವ. ಇದನ್ನ ದೊಡ್ಡದ ಮಾಡಿ ಅಂಗಡಿ ಮುಂದ ಹಾಕತೀನಿ. ನೋಡಿಲ್ಲೆ, ಚೌಕಟ್ಟ ಮಾಡಿಸೀನಿ."

"ಮಂದಿ ನೋಡಾಕಂತ ಹಾಕಿದ್ರ ಈ ಅಂಗಡಿ ಮೆಟ್ಟಲಾ ಹತ್ತಂಗಿಲ್ಲ ನಾನು. ಸಣ್ಣದ ಮಾಡಿ ಒಂದ ಕೊಡು. ಎಲಿಅಡಿಕಿ ಸಂಚ್ಯಾಗ ಇಟಗೋತೀನಿ." ಬಾಗಿಲವರೆಗೆ ಹೋದವಳು ತಿರುಗಿ ಬಂದು ಮೆಲ್ಲಗೆ ಸೇರಿಸಿದಳು: "ಒಂದ ಸಾಕು. ನಿಮ್ಮಪ್ಪಗ ಹೇಳಬ್ಯಾಡ."

ಪಾಸ್‌ಪೋರ್ಟ್ ಅಳತೆಯಲ್ಲಿ ಒಂದು ತೆಗೆದು ಕತ್ತರಿಸಿಟ್ಟೆ. ಮರುದಿನ ಮಧ್ಯಾಹ್ನ ಊಟದ ಗಂಟೆ ಬಾರಿಸಿ ಅಪ್ಪ ಅಂಗಡಿಗೆ ಬಂದ. ಆಫೀಸಿನ ಫೋಟೋಗಳನ್ನು ಲಕೋಟೆಯಲ್ಲಿ ಹಾಕಿ ಕೊಟ್ಟೆ. ಅವನು ಹೋಗಲಿಲ್ಲ. ಝೆರಾಕ್ಸಿಗೆ ನಿಂತಿದ್ದ ಇಬ್ಬರು ಕೆಲಸ ಮುಗಿಸಿ ಇಳಿದು ಹೋಗುವವರೆಗೆ ಕ್ಯಾಲೆಂಡರ್ ನೋಡುತ್ತ ನಿಂತ. ಆಮೇಲೆ ನನ್ನ ಮುಖ ನೋಡದೆ ಹೇಳಿದ: "ಆ ಮುಗದ ಮ್ಯಾಲಿಂದು ಐತಲ್ಲ, ಅದನ್ನ ಸಣ್ಣದ ಮಾಡಿ ನನಗೊಂದು ಕೊಡು. ನಿಮ್ಮವ್ವಗ ಗೊತ್ತಾಗೂದು ಬ್ಯಾಡ."

ಇನ್ನೊಂದು ತೆಗೆದೆ. ಅವನು ಅದನ್ನು ಶಾಲೆಯ ಕೀಲಿಗಳಿರುವ ಕಿಸೆಯಲ್ಲಿ ಹಾಕಿಕೊಂಡು, ಗಂಟೆಗೆ ಹೊತ್ತಾಯಿತೆಂದು ಇಳಿದು ಹೋದ. ಚೌಕಟ್ಟು ಇನ್ನೂ ಗೋಡೆಯ ಮೇಲೆ ಖಾಲಿಯೇ ಇದೆ.