ಮೇಷ್ಟ್ರ ಮನೆಯ ಬಿಸಿಗಾಳಿ

ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಸೀಟಿ ಮೇಷ್ಟ್ರು ಅಂತ. ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸುತ್ತಿದ್ದವರು. ಸಾಲಿನಲ್ಲಿ ಯಾರಾದರೂ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತರೆ ಬೀದಿಯ ತುದಿಗೆ ಕೇಳುವಂತೆ ಸೀಟಿ ಊದುತ್ತಿದ್ದರು. ನಿವೃತ್ತರಾದ ಮೇಲೆ ಸೀಟಿ ಗೋಡೆಯ ಮೊಳೆ ಸೇರಿತು, ಹೆಸರು ಮಾತ್ರ ಉಳಿಯಿತು.

ಆ ಬೇಸಿಗೆಯಲ್ಲಿ ಮಗಳೂ ಹೊಸ ಅಳಿಯನೂ ಬರುವವರಿದ್ದರು. ಅಳಿಯನ ಎದುರು ಬೆವರು ಒರೆಸಿಕೊಳ್ಳುತ್ತಾ ಕೂರುವುದು ಮೇಷ್ಟ್ರಿಗೆ ಸುತರಾಂ ಇಷ್ಟವಿರಲಿಲ್ಲ. ಹಾಗಾಗಿ ಎ.ಸಿ. ಬಂತು. ಒಳಗಿನ ಪೆಟ್ಟಿಗೆಗೆ ಹಾಲ್‌ನ ಗೋಡೆ ಗೊತ್ತುಮಾಡಿದ್ದಾಯಿತು. ಹೊರಗಿನದನ್ನು ಎಲ್ಲಿ ಕೂರಿಸುವುದು ಅನ್ನುವುದೇ ತಲೆನೋವಾಯಿತು.

ಮೆಕ್ಯಾನಿಕ್ಕು ಮನೆಗೆ ಒಂದು ಸುತ್ತು ಹಾಕಿ ಬಂದ. “ಮುಂದಿನ ಗೋಡೆಗೆ ಹಾಕೋಣ ಸಾರ್, ಅಲ್ಲಿ ಗಾಳಿ ಹೋಗೋಕೆ ಜಾಗ ಇದೆ. ಬೇಡ ಅಂದ್ರೆ ಪಕ್ಕದ ಸಂದಿ.”

ಮುಂದಿನ ಗೋಡೆಗೆ ಈಚೆಗಷ್ಟೇ ಬಣ್ಣ ಬಳಿಸಿತ್ತು. ಬಾಗಿಲ ಪಕ್ಕ ಕಲ್ಲಿನಲ್ಲಿ ಮೇಷ್ಟ್ರ ಹೆಸರು ಬೇರೆ ಕೆತ್ತಿಸಿತ್ತು. ಅದರ ಮಗ್ಗುಲಲ್ಲಿ ಈ ಗುಂಯ್ ಅನ್ನುವ ಡಬ್ಬ ನೇತುಹಾಕುವುದೆಂದರೆ ಮದುಮಗನ ಮೂಗಿಗೆ ಬ್ಯಾಂಡೇಜು ಸುತ್ತಿದಂತೆ ಅನ್ನಿಸಿತು ಅವರಿಗೆ.

“ಸಂದಿಗೇ ಹಾಕು,” ಅಂದರು.

ಸಂದಿಯೆಂದರೆ ಒಬ್ಬರು ಓರೆಯಾಗಿ ನುಸುಳುವಷ್ಟು ಜಾಗ. ಆಚೆ ಪಕ್ಕದ ಮನೆಯ ಗೋಡೆ, ಅದರಲ್ಲಿ ಒಂದು ಕಿಟಕಿ. ಆ ಮನೆಯಲ್ಲಿ ಬಾಡಿಗೆಗಿದ್ದ ಟೈಲರಮ್ಮ ಬೆಳಕಿಗೆಂದು ಆ ಕಿಟಕಿಗೇ ಒತ್ತಿ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದಳು.

“ಬಿಸಿಯೆಲ್ಲ ಪಾಪ ಅವಳ ಮುಖಕ್ಕೇ ಹೊಡೆಯುತ್ತಲ್ರೀ,” ಅಂದರು ಹೆಂಡತಿ.

“ಬಾಡಿಗೆಯವಳು ಕಣೇ. ಇವತ್ತಿರ್ತಾಳೆ, ನಾಳೆ ಹೋಗ್ತಾಳೆ. ಅವಳಿಗೋಸ್ಕರ ಮನೆ ಅಂದ ಕೆಡಿಸ್ಕೊಳ್ಳೋದಾ?”

ಹೆಂಡತಿ ಒಳಗೆ ಹೋದರು.

ಅಳಿಯ ಬಂದ, ತಂಪನ್ನು ಬಾಯಿತುಂಬ ಹೊಗಳಿದ, ಮಾವನಿಗೊಂದು ಪ್ಯಾಂಟು ಕೊಟ್ಟು ಹೋದ. ಪ್ಯಾಂಟು ಉದ್ದವಾಗಿತ್ತು. ಮಡಚಿ ಹೊಲಿಸಲೆಂದು ಮೇಷ್ಟ್ರು ಒಂದು ಮಧ್ಯಾಹ್ನ ಅದನ್ನು ತೊಟ್ಟುಕೊಂಡೇ, ವಾಪಸು ಬರುವಾಗ ಉಡಲು ಪಂಚೆಯೊಂದನ್ನು ಹೆಗಲಿಗೇರಿಸಿ, ಟೈಲರಮ್ಮನ ಮನೆಗೆ ಹೋದರು.

ಒಳಗೆ ಕತ್ತಲೆ. ಹಾಡುಹಗಲಲ್ಲಿ ಬಲ್ಬು ಉರಿಯುತ್ತಿತ್ತು. ಕಿಟಕಿ ಮುಚ್ಚಿ, ಸಂದುಗಳಿಗೆ ತುಂಡುಬಟ್ಟೆ ತುರುಕಿತ್ತು. ಗಿರಾಕಿಗಳ ಬಟ್ಟೆಗೆ ಬೆವರು ತೊಟ್ಟಿಕ್ಕದಿರಲೆಂದು ಆಕೆ ಕೊರಳಿಗೆ ಟವೆಲು ಸುತ್ತಿಕೊಂಡಿದ್ದಳು.

“ಇಂಥ ಸೆಕೆಯಲ್ಲಿ ಕಿಟಕಿ ಯಾಕಮ್ಮ ಮುಚ್ಚಿದೀಯ?” ಅಂದುಬಿಟ್ಟರು ಮೇಷ್ಟ್ರು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು.

“ತೆಗೆದ್ರೆ ಇನ್ನೂ ಸೆಕೆ ಮೇಷ್ಟ್ರೇ.”

“ನಂಗೊಂದು ಮಾತು ಹೇಳಬಾರದಿತ್ತಾ?”

ಆಕೆ ಡಬ್ಬಿಯಲ್ಲಿ ಗುಂಡುಸೂಜಿ ಹುಡುಕುತ್ತಲೇ ಹೇಳಿದಳು, “ಹಾಕಿಸಿದ ದಿನ ನಾನಿಲ್ಲೇ ಕೂತಿದ್ದೆ. ನೀವು ಅಮ್ಮಾವ್ರಿಗೆ ಅಂದಿದ್ದು ಕೇಳಿಸ್ತು. ಆಮೇಲೆ ಹೇಳೋದೇನಿರುತ್ತೆ?” ದನಿಯಲ್ಲಿ ಸಿಟ್ಟಿರಲಿಲ್ಲ. “ಎಷ್ಟು ಮಡಚಲಿ? ಇದಕ್ಕೆ ಷೂ ಹಾಕ್ತೀರಾ, ಚಪ್ಪಲಿನಾ?”

“ಚಪ್ಪಲಿ,” ಅಂದರು ಮೇಷ್ಟ್ರು. ಅವರ ಗಂಟಲಿನಿಂದ ಹೊರಟದ್ದು ಸಿಕ್ಕಿಬಿದ್ದ ಹುಡುಗನ ದನಿ.

ಆಕೆ ಮೊಣಕಾಲೂರಿ ಅವರ ಪಾದದ ಬಳಿ ಸೂಜಿ ಚುಚ್ಚುತ್ತಿದ್ದಳು. ಮೇಲಿನಿಂದ ಆಕೆಯ ಒದ್ದೆ ಬೈತಲೆ ಕಾಣುತ್ತಿತ್ತು. ಕಾಲು ಹಿಂದಕ್ಕೆ ಎಳೆದುಕೊಳ್ಳೋಣವೆಂದರೆ, “ಅಲ್ಲಾಡಬೇಡಿ” ಅಂದಳು. ಮೇಷ್ಟ್ರು ಅಲ್ಲಾಡದೆ ನಿಂತರು. ಕಿವಿ ಸುಡುತ್ತಿತ್ತು.

ಮನೆಗೆ ಬಂದವರೇ ಎ.ಸಿ. ಆರಿಸಿದರು.

“ಯಾಕ್ರೀ, ಕರೆಂಟ್ ಹೋಯ್ತಾ?”

“ಇಲ್ಲ ಕಣೇ. ಮಾನ ಹೋಯ್ತು.”

ನಡೆದದ್ದನ್ನೆಲ್ಲ ಹೇಳಿದರು. ‘ನಾನು ಅವತ್ತೇ ಹೇಳಲಿಲ್ವಾ’ ಅಂತ ಹೆಂಡತಿ ಒಂದು ಸಲ ಚುಚ್ಚಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅದರ ಬದಲು ಅವರು ಫೋನು ತಂದು ಕೈಗಿತ್ತರು.

ಮೆಕ್ಯಾನಿಕ್ಕು ಬಂದ. ಮುಂದಿನ ಗೋಡೆಗೆ ತೂತು ಬಿತ್ತು, ಬಣ್ಣ ಚಕ್ಕೆಚಕ್ಕೆಯಾಗಿ ಎದ್ದಿತು, ಹೆಸರಿನ ಕಲ್ಲಿನ ಪಕ್ಕದಲ್ಲೇ ಡಬ್ಬ ಕೂತಿತು. ಮಾರನೆಯ ದಿನ ಟೈಲರಮ್ಮನ ಕಿಟಕಿ ತೆರೆದಿತ್ತು. ಮಿಷನ್ನಿನ ಸದ್ದು ಸಂದಿಯಲ್ಲೆಲ್ಲ ಕೇಳಿಸುತ್ತಿತ್ತು.

ಪ್ಯಾಂಟು ತರಲು ಮೇಷ್ಟ್ರು ಹೆಂಡತಿಯನ್ನು ಕಳಿಸಲು ನೋಡಿದರು. “ನೀವೇ ಹೋಗಿ,” ಅಂದರು ಆಕೆ. ಹೋದರೆ ಅಲ್ಲಿ ಇಬ್ಬರು ಗಿರಾಕಿಗಳು. ಪ್ಯಾಂಟು ಕಂಕುಳಲ್ಲಿಟ್ಟುಕೊಂಡು ಹೊಸ್ತಿಲವರೆಗೆ ಬಂದ ಮೇಷ್ಟ್ರು ಅಲ್ಲೇ ತಿರುಗಿ ನಿಂತು, “ಅವತ್ತು ನಾನು ಅಂದಿದ್ದು ತಪ್ಪಮ್ಮ,” ಅಂದರು. ಗಿರಾಕಿಗಳು ಮುಖ ಮುಖ ನೋಡಿಕೊಂಡರು.

“ಆಯ್ತು ಬಿಡಿ ಮೇಷ್ಟ್ರೇ,” ಅಂದ ಟೈಲರಮ್ಮ ಮತ್ತೆ ಮಿಷನ್ನಿನ ಮೇಲೆ ಬಾಗಿದಳು.

ಬಿಟ್ಟಳೋ ಇಲ್ಲವೋ, ಮೇಷ್ಟ್ರಿಗೆ ಕೊನೆಗೂ ತಿಳಿಯಲಿಲ್ಲ. ಎದುರಾದಾಗ ಆಕೆ ಮೊದಲಿನಂತೆಯೇ ನಗುತ್ತಿದ್ದಳು. ಇವರೇ ನೆಲ ನೋಡುತ್ತಿದ್ದರು.

ಮನೆಗೆ ಬಂದ ನೆಂಟರೊಬ್ಬರು ಒಮ್ಮೆ, “ಇಷ್ಟು ಚೆಂದದ ಗೋಡೆಗೆ ಈ ಡಬ್ಬ ಯಾಕೆ ಹಾಕಿಸಿದ್ರಿ?” ಅಂತ ಕೇಳಿದರು.

“ಮೆಕ್ಯಾನಿಕ್ಕು ಇಲ್ಲೇ ಒಳ್ಳೇದು ಅಂದ,” ಅಂದರು ಮೇಷ್ಟ್ರು.

ಸುಳ್ಳೇನಲ್ಲ. ಆದರೆ ಕಾಫಿ ತಂದ ಹೆಂಡತಿ ಒಂದು ಗಳಿಗೆ ನಿಂತು ಅವರನ್ನೇ ನೋಡಿದರು. ಮೇಷ್ಟ್ರು ಲೋಟ ತೆಗೆದುಕೊಂಡು, ಬಿಸಿ ಆರುವ ಮುಂಚೆಯೇ ಬಾಯಿಗಿಟ್ಟರು.